‘ಹತ್ತು ದಿನದ ಹೀಲಿಂಗ್’ ಲಿನೋ ಕಿಟ್: ಲಿನೋ ಚೆನ್ನಾಗಿದೆ, ಉಳಿ ಮೊಂಡು, ಡಬ್ಬಿ ಮೇಲಿನ ಮಾತು ಬೇಡವೇ ಬೇಡ

ಲಿನೋ ಅನ್ನುವ ಮೆತ್ತನೆಯ ಹಾಳೆಯನ್ನು ಉಳಿಯಲ್ಲಿ ಕೆತ್ತಿ, ಶಾಯಿ ಸವರಿ, ಕಾಗದದ ಮೇಲೆ ಚಿತ್ರ ಅಚ್ಚು ಒತ್ತುವ ಕಿಟ್ ಇದು. ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್‌ನಲ್ಲಿ ಲಿನೋ ಹಾಳೆ ಚೆನ್ನಾಗಿದೆ. ರೋಲರ್ ತುಂಬಾ ಚೆನ್ನಾಗಿದೆ. ಉಳಿಗಳು ಪ್ರಯೋಜನಕ್ಕಿಲ್ಲ. ಶಾಯಿ ಬೇಸಿಗೆಯಲ್ಲಿ ಕೈಕೊಡುತ್ತದೆ. ಐದಕ್ಕೆ ಮೂರು ಸ್ಟಾರ್. ಆ ಮೂರು ಯಾಕೆ, ಉಳಿದ ಎರಡು ಯಾಕೆ ಹೋಯಿತು ಅನ್ನೋದು ಸ್ವಲ್ಪ ಉದ್ದದ ಕಥೆ. ಟೈಮ್ ಇದ್ದರೆ ಓದಿ.

ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ಇದೇ ಸಾಮಾನು ಮೂರ್ನಾಲ್ಕು ಹೆಸರಿನಲ್ಲಿ, ಬೇರೆ ಬೇರೆ ಬಣ್ಣದ ಡಬ್ಬಿಯಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಫೋಟೋ ನೋಡಿದರೆ ಎಲ್ಲ ಒಂದೇ ಕಡೆಯಿಂದ ಬಂದದ್ದು ಅಂತ ಗೊತ್ತಾಗುತ್ತದೆ. ಒಳಗೆ ಇಷ್ಟು ಬರುತ್ತದೆ: ಬೂದು ಬಣ್ಣದ ಎರಡು ಲಿನೋ ತುಂಡು, ಒಂದು ಪ್ಲಾಸ್ಟಿಕ್ ಹಿಡಿ, ಅದಕ್ಕೆ ಸಿಕ್ಕಿಸುವ ಐದು ಬ್ಲೇಡು (ಉಳಿ ಅಂದದ್ದು ಇವಕ್ಕೇ), ಒಂದು ರಬ್ಬರ್ ರೋಲರ್, ಒಂದು ಟ್ಯೂಬ್ ಕಪ್ಪು ಶಾಯಿ, ಟ್ರೇಸಿಂಗ್ ಪೇಪರ್, ಕಾರ್ಬನ್ ಹಾಳೆ, ದಪ್ಪ ಡ್ರಾಯಿಂಗ್ ಹಾಳೆ ಒಂದಷ್ಟು. ಜೊತೆಗೆ ಒಂದು ಕಾರ್ಡು. ಕಾರ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದು ನಾನು ಕೊಂಡದ್ದಲ್ಲ, ಪುಣೆಯಲ್ಲಿರುವ ಅಕ್ಕನ ಮಗಳು ಕಳಿಸಿದ್ದು. ನಾನು, ಅಕ್ಕ ಇಬ್ಬರೂ ಧಾರವಾಡದಲ್ಲಿ ಸೇರಿ ಕೆಲಸ ಮಾಡುತ್ತಿದ್ದೆವು. ಮಕ್ಕಳ ಪುಸ್ತಕದ ಚಿತ್ರ, ಮದುವೆ ಕಾರ್ಡು, ಶಾಲೆಯ ಗೋಡೆ, ಬಂದದ್ದೆಲ್ಲ ಮಾಡಿದ್ದೇವೆ. ಗೆರೆ ಅವಳದ್ದು, ಬಣ್ಣ ನನ್ನದು. ಚಿಕ್ಕವರಿದ್ದಾಗಿನಿಂದ ಹಾಗೇ. ‘ಗೆರಿ ನಾ ಎಳಿತೀನಿ, ನೀ ಬಣ್ಣ ಹಚ್ಚು, ಹೊರಗ ಹೋಗಬ್ಯಾಡ ಅಷ್ಟ’ ಅನ್ನುತ್ತಿದ್ದಳು. ದುಡ್ಡು ತಗೊಂಡು ಕೆಲಸ ಮಾಡುವಷ್ಟು ದೊಡ್ಡವರಾದ ಮೇಲೂ ಅದನ್ನೇ ಅನ್ನುತ್ತಿದ್ದಳು. 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ ಹೋದಳು.

ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ. ರಿವ್ಯೂಗೆ ಬೇಕಾದಷ್ಟು ಇದು: ಆಮೇಲೆ ನನ್ನ ಹತ್ತಿರ ಬಣ್ಣ ಇತ್ತು, ಹಚ್ಚೋಕೆ ಗೆರೆ ಇರಲಿಲ್ಲ. ‘ನೀನೇ ಬಿಡಿಸು’ ಅಂತ ಎಲ್ಲರೂ ಹೇಳಿದರು. ಬಿಡಿಸೋಕೆ ಬರಲ್ಲ ಅಂತಲ್ಲ, ಕಲಾ ಶಾಲೆಯಲ್ಲಿ ನಾನೂ ಓದಿದವಳೇ. ಆದರೆ ಪೆನ್ಸಿಲ್ ಹಿಡಿದರೆ ಬರುತ್ತಿದ್ದದ್ದು ಅವಳ ಗೆರೆಯ ನಕಲು, ಅದೂ ಸರಿಯಿಲ್ಲದ ನಕಲು. ಪೆನ್ಸಿಲ್ ಎತ್ತಿಟ್ಟೆ. ಶಾಲೆಯಲ್ಲಿ ಮಕ್ಕಳಿಗೆ ಗುಡ್ಡ, ಸೂರ್ಯ, ಗುಡಿಸಲು ಹೇಳಿಕೊಡುವುದು ನಡೆದೇ ಇತ್ತು, ಸಂಬಳ ಬರುತ್ತಿತ್ತು. ಮನೆಯಲ್ಲಿ ಬಣ್ಣದ ಟ್ಯೂಬುಗಳು ಇದ್ದಲ್ಲೇ ಒಣಗಿದವು. ಆಗ ಈ ಡಬ್ಬಿ ಬಂತು. ಹುಡುಗಿ ಫೋನ್ ಮಾಡಿ, ‘ಮೌಶಿ, ಇದರಾಗ ಬಣ್ಣ ಇಲ್ಲ, ಬರೇ ಕರಿ. ನಿನಗ ಸೇರ್ತದೋ ಇಲ್ಲೋ ಗೊತ್ತಿಲ್ಲ’ ಅಂದಳು.

ಇನ್ನು ಸಾಮಾನಿನ ವಿಷಯ.

ಲಿನೋ ಅಂದರೆ ಮೂಲದಲ್ಲಿ ನೆಲಕ್ಕೆ ಹಾಸುವ ಹಾಸು. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಫ್ರೆಡರಿಕ್ ವಾಲ್ಟನ್ ಅನ್ನುವವನು ಕಂಡುಹಿಡಿದದ್ದು. ಗಟ್ಟಿಯಾಗುವಂತೆ ಮಾಡಿದ ಅಗಸೆ ಎಣ್ಣೆಗೆ ರಾಳ, ಕಾರ್ಕ್ ಪುಡಿ ಸೇರಿಸಿ ಸೆಣಬಿನ ಬಟ್ಟೆ ಮೇಲೆ ಹಚ್ಚಿ ಮಾಡುತ್ತಾರೆ. ಡಬ್ಬಿ ತೆರೆದ ಕೂಡಲೇ ಆ ಎಣ್ಣೆಯ ವಾಸನೆ ಬರುತ್ತದೆ. ಅಗಸಿ ಚಟ್ನಿ ತಿಂದು ಬೆಳೆದ ನಮ್ಮ ಕಡೆಯವರಿಗೆ ಇದು ಹೊಸ ವಾಸನೆಯೇನಲ್ಲ. ಕೊಳ್ಳುವ ಮುಂಚೆ ತುಂಡನ್ನು ಮಗುಚಿ ಹಿಂಭಾಗ ನೋಡಿ. ಸೆಣಬಿನ ನೇಯ್ಗೆ ಕಾಣಿಸಬೇಕು. ಅದಿಲ್ಲದೆ ನುಣ್ಣಗಿದ್ದರೆ ಅದು ರಬ್ಬರೋ ಪ್ಲಾಸ್ಟಿಕ್ಕೋ ಇರುತ್ತದೆ. ಅದನ್ನೂ ಕೆತ್ತಬಹುದು, ಇನ್ನೂ ಸುಲಭ, ಆದರೆ ಸಣ್ಣ ಗೆರೆ ಅದರಲ್ಲಿ ಚೂಪಾಗಿ ನಿಲ್ಲಲ್ಲ. ಈ ಕಿಟ್‌ನಲ್ಲಿ ಬಂದದ್ದು ನಿಜವಾದ ಲಿನೋ. ಇದಕ್ಕೆ ಪೂರ್ತಿ ಮಾರ್ಕ್ಸ್.

ಒಂದು ಉಪಾಯ. ಲಿನೋ ತಣ್ಣಗಿದ್ದರೆ ಗಟ್ಟಿ. ಬೆಳಗಿನ ಹೊತ್ತು ಕೆತ್ತಲು ಕೂತರೆ ಪುಡಿಪುಡಿಯಾಗಿ ಏಳುತ್ತದೆ. ಮಾಳಿಗೆ ಮೇಲೆ ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ. ಮೆತ್ತಗಾಗಿ, ಉಳಿ ಹೋದಂತೆ ಉದ್ದಕ್ಕೆ ಸುರುಳಿ ಸುರುಳಿಯಾಗಿ ಬರುತ್ತದೆ. ತಿಂಗಳುಗಟ್ಟಲೆ ಇಟ್ಟ ಹಳೇ ತುಂಡಾದರೆ ಬಿಸಿಲೂ ಸಾಲಲ್ಲ, ಒಡೆಯುತ್ತದೆ.

ಉಳಿಗಳಿಗೆ ಬರೋಣ. ಇಲ್ಲಿ ನನಗೆ ನಿಜವಾಗಿ ಸಿಟ್ಟಿದೆ. ಬ್ಲೇಡು ಹಿಡಿಯೊಳಗೆ ಅಲ್ಲಾಡುತ್ತದೆ. ಎಷ್ಟು ತಿರುಗಿಸಿ ಬಿಗಿ ಮಾಡಿದರೂ ಒಂದೆರಡು ಗೆರೆ ಕೆತ್ತುವಷ್ಟರಲ್ಲಿ ಮತ್ತೆ ಸಡಿಲ. ಇದರ ಜೊತೆ ಮೊಂಡು ಬೇರೆ. ಚೂಪಾದ ಉಳಿಗಿಂತ ಮೊಂಡು ಉಳಿಯೇ ಅಪಾಯ. ಯಾಕಂದರೆ ಜೋರಾಗಿ ಒತ್ತುತ್ತೀರಿ, ಅದು ಜಾರುತ್ತದೆ, ಮುಂದೆ ನಿಮ್ಮ ಎಡಗೈ ಇರುತ್ತದೆ. ಹಿಡಿದುಕೊಂಡ ಕೈ ಯಾವತ್ತೂ ಉಳಿಯ ಹಿಂದೆ ಇರಬೇಕು ಅನ್ನುವ ಮೊದಲ ಪಾಠವನ್ನೇ ಇವರ ಹಾಳೆಯಲ್ಲಿ ಎಲ್ಲೂ ಬರೆದಿಲ್ಲ. ಕ್ಯೂಆರ್ ಕೋಡ್ ಒತ್ತಿದರೆ ಬರುವ ವಿಡಿಯೋದಲ್ಲೂ ಇಲ್ಲ. ಆ ವಿಡಿಯೋದ ಮೊದಲ ಭಾಗವೆಲ್ಲ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುವುದರ ಬಗ್ಗೆ. ಅದಾದ ಕೂಡಲೇ ಉಳಿ ಹಿಡಿಯಿರಿ ಅಂತಾರೆ. ಕಣ್ಣು ತೆಗೆಯಿರಿ ಅಂತ ಹೇಳಿದ್ದರೆ ಚೆನ್ನಾಗಿತ್ತು.

ಮರದ ಹಿಡಿಯ ಬಿಡಿ ಉಳಿ ತರಿಸಿಕೊಳ್ಳಿ. ಒಂದು ವಿ ಆಕಾರದ್ದು, ಒಂದು ಯು ಆಕಾರದ ಅಗಲದ್ದು, ಎರಡೇ ಸಾಕು. ಹಳೇ ಚರ್ಮದ ಬೆಲ್ಟಿನ ಒಳಭಾಗಕ್ಕೆ ಪಾಲಿಶ್ ಪೇಸ್ಟ್ ಹಚ್ಚಿ, ಆಗಾಗ ಉಳಿಯನ್ನು ಹಿಂದಕ್ಕೆ ಎಳೆದು ಎಳೆದು ತಿಕ್ಕಿದರೆ ಹರಿತ ಉಳಿಯುತ್ತದೆ. ಆಮೇಲೆ ಬಡಿಗನ ಹತ್ತಿರ ಹೋಗಿ ಒಂದು ಪ್ಲೈವುಡ್ ತುಂಡಿಗೆ ಎರಡು ಪಟ್ಟಿ ಹೊಡೆಸಿ. ಒಂದು ಕೆಳಗೆ, ಮೇಜಿನ ಅಂಚಿಗೆ ಸಿಕ್ಕಿಕೊಳ್ಳೋಕೆ. ಇನ್ನೊಂದು ಮೇಲೆ, ಲಿನೋ ತುಂಡು ಆನಿಸೋಕೆ. ಇಷ್ಟು ಸಣ್ಣ ಸಾಮಾನನ್ನು ಕಿಟ್‌ನಲ್ಲೇ ಕೊಡಬಹುದಿತ್ತು. ಆ ಕಾರ್ಡು, ಒಣಗಿದ ಲ್ಯಾವೆಂಡರ್ ಹೂವಿನ ಪೊಟ್ಟಣ (ಹೌದು, ಅದೂ ಇದೆ) ಇವುಗಳ ಬದಲು.

ಈಗ ಆ ಮೂರು ಸ್ಟಾರ್ ಯಾಕೆ ಅಂತ ಹೇಳುತ್ತೇನೆ. ಲಿನೋದಲ್ಲಿ ನೀವು ಗೆರೆ ಎಳೆಯುವುದಿಲ್ಲ. ಗೆರೆ ಬಿಟ್ಟು ಉಳಿದದ್ದನ್ನೆಲ್ಲ ಕೆತ್ತಿ ತೆಗೆಯುತ್ತೀರಿ. ಎಲ್ಲಿ ಕೆತ್ತುತ್ತೀರೋ ಅಲ್ಲಿ ಬಿಳಿ, ಎಲ್ಲಿ ಬಿಡುತ್ತೀರೋ ಅಲ್ಲಿ ಕಪ್ಪು. ಪೆನ್ಸಿಲ್ ಹಿಡಿದಾಗ ನನ್ನ ಕೈಗೆ ಬಂದು ಕೂರುತ್ತಿದ್ದ ಅಕ್ಕನ ಗೆರೆ, ಉಳಿ ಹಿಡಿದಾಗ ಬರಲಿಲ್ಲ. ಬರೋಕೆ ಸಾಧ್ಯವೂ ಇರಲಿಲ್ಲ, ಅವಳು ಯಾವತ್ತೂ ಉಳಿ ಹಿಡಿದವಳೇ ಅಲ್ಲ. ಕೆಲಸ ನಿಧಾನ. ರಬ್ಬರ್ ಹಾಕಿ ಅಳಿಸೋಕೆ ಆಗಲ್ಲ. ಒಂದು ಸಂಜೆ ಪೂರ್ತಿ ಕೂತರೂ ಅಂಗೈ ಅಗಲದಷ್ಟು ಜಾಗ ಮುಗಿದರೆ ಹೆಚ್ಚು. ಆ ನಿಧಾನವೇ ನನಗೆ ಹಿಡಿಸಿತು.

ಅಕ್ಕ ಬಿಟ್ಟುಹೋದ, ಬಣ್ಣ ಹಚ್ಚದ ಚಿತ್ರಗಳ ಒಂದು ಕಟ್ಟು ನನ್ನ ಹತ್ತಿರ ಇದೆ. ಅದರಲ್ಲಿ ಒಂದು ಎಮ್ಮೆ, ಕೊಂಬಿನ ಮೇಲೆ ಕಾಗೆ. ಅದನ್ನೇ ಟ್ರೇಸ್ ಮಾಡಿ ಲಿನೋಗೆ ಇಳಿಸಿದೆ. ಅವಳು ಎಡಗೈಯವಳು. ನೆರಳು ತುಂಬುವಾಗ ಅವಳ ಸಣ್ಣ ಸಣ್ಣ ಓರೆ ಗೆರೆಗಳೆಲ್ಲ ಮೇಲಿನ ಎಡದಿಂದ ಕೆಳಗಿನ ಬಲಕ್ಕೆ ಇಳಿಯುತ್ತಿದ್ದವು. ಬಲಗೈಯವರದ್ದು ಇದಕ್ಕೆ ಉಲ್ಟಾ. ಲಿಯೊನಾರ್ಡೊ ಡ ವಿಂಚಿಯ ರೇಖಾಚಿತ್ರಗಳನ್ನು ತಜ್ಞರು ಗುರುತಿಸುವುದರಲ್ಲಿ ಇದೂ ಒಂದು ಗುರುತು, ಅವನೂ ಎಡಗೈಯವನು. ಅಚ್ಚಿನಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ ಅಲ್ವಾ. ಟ್ರೇಸಿಂಗ್ ಹಾಳೆಯನ್ನು ಮಗುಚಿ ಹಾಕಿದರೆ ಮೂಲದಂತೆ ಬರುತ್ತದೆ, ಹಾಗೇ ಹಾಕಿದರೆ ಉಲ್ಟಾ. (ಇದನ್ನೂ ಕಿಟ್‌ನ ಹಾಳೆಯಲ್ಲಿ ಹೇಳಿಲ್ಲ. ಹೊಸಬರು ಹೆಸರು ಕೆತ್ತಿದರೆ ಹಿಂದುಮುಂದಾಗಿ ಬರುತ್ತದೆ, ಹುಷಾರು.) ನಾನು ಬೇಕಂತಲೇ ಎರಡು ಬ್ಲಾಕ್ (ಅಂದರೆ ಕೆತ್ತಿದ ಲಿನೋ ತುಂಡು) ಮಾಡಿದೆ, ಒಂದಕ್ಕೆ ಹಾಳೆ ಮಗುಚಿ, ಇನ್ನೊಂದಕ್ಕೆ ಮಗುಚದೆ. ಎರಡನೆಯದರಲ್ಲಿ ಎಮ್ಮೆ ಆ ಕಡೆ ಮುಖ ಮಾಡಿತ್ತು, ಹೊಟ್ಟೆ ಮೇಲಿನ ನೆರಳಿನ ಗೆರೆಗಳೆಲ್ಲ ನನ್ನ ಕೈ ವಾಲುವ ಕಡೆಗೆ ವಾಲಿದ್ದವು. ಗೆರೆ ಅವಳದ್ದೇ, ಓರೆ ನನ್ನದು. ಅದನ್ನು ಎಷ್ಟು ಹೊತ್ತು ನೋಡಿದೆನೋ. ಅಕ್ಕನ ಮಗಳಿಗೆ ಫೋಟೋ ಕಳಿಸಿದರೆ ‘ಇದು ಅವ್ವಂದಲ್ಲ ಅಲ್ಲ?’ ಅಂತ ಬರೆದಳು. ಆಮೇಲೆ, ‘ಅವ್ವಂದ ಏನ?’ ಅಂತ.

ಶಾಯಿ ಕಥೆ ಬೇರೆ. ಕಿಟ್‌ನದ್ದು ನೀರಿನ ಶಾಯಿ. ತೊಳೆಯೋಕೆ ಸುಲಭ, ಮಕ್ಕಳಿಗೆ ಒಳ್ಳೆಯದು. ಆದರೆ ಧಾರವಾಡದ ಏಪ್ರಿಲ್‌ನಲ್ಲಿ, ಫ್ಯಾನ್ ಹಾಕಿಕೊಂಡು ಕೂತರೆ, ಗಾಜಿನ ಮೇಲೆ ರೋಲರ್ ಆಡಿಸುತ್ತಿರುವಾಗಲೇ ಒಣಗುತ್ತದೆ. ಅಚ್ಚು ತೂತುತೂತಾಗಿ ಬರುತ್ತದೆ. ಮೆಡಿಕಲ್ ಶಾಪಿನಿಂದ ಗ್ಲಿಸರಿನ್ ತಂದು ಒಂದೆರಡು ಹನಿ ಬೆರೆಸಿದರೆ ಸ್ವಲ್ಪ ತಡೆಯುತ್ತದೆ, ಅಷ್ಟೇ. ಗಟ್ಟಿ ಕಪ್ಪು ಬೇಕಾದರೆ ಎಣ್ಣೆ ಶಾಯಿಯೇ ಬೇಕು. ಎಣ್ಣೆ ಶಾಯಿಯ ಟ್ಯೂಬಿಗೆ ಆನ್‌ಲೈನ್‌ನಲ್ಲಿ ರೇಟು ನೋಡಿ ಗಾಬರಿಯಾಗಿ, ನಾವು ಕಾರ್ಡು ಹೊಡೆಸುತ್ತಿದ್ದ ಪ್ರೆಸ್ಸಿಗೆ ಹೋದೆ. ಆಫ್‌ಸೆಟ್ ಮುದ್ರಣಕ್ಕೆ ಅಲ್ಲಿ ಬಳಸುವ ಶಾಯಿಯೂ ಎಣ್ಣೆಯದ್ದೇ, ಲಿನೋಗೆ ಚೆನ್ನಾಗಿ ಆಗುತ್ತದೆ. ಅಕ್ಕ ಹೋದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಪ್ರೆಸ್ಸಿನ ಕಾಕಾ ಡಬ್ಬಿಯಿಂದ ಚಾಕುವಿನಲ್ಲಿ ಒಂದು ಮುದ್ದೆ ಕಪ್ಪು ತೆಗೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿ ಕೊಟ್ಟು, ದುಡ್ಡು ಬೇಡ ಅಂದರು. ‘ಅಕ್ಕಾವ್ರ ಡಿಸೈನ್ ಎಲ್ಲಾ ನಮ್ಮ ಕಂಪ್ಯೂಟರ್‌ನಾಗ ಹಂಗ ಅದಾವ್ರಿ, ಅಳಿಸಿಲ್ಲ’ ಅಂದರು. ಸರಿ ಕಾಕಾ ಅಂತ ಹೇಳಿ ಬಂದೆ.

ಎಣ್ಣೆ ಶಾಯಿ ಒಣಗೋಕೆ ದಿನಗಟ್ಟಲೆ ಬೇಕು, ಅವಸರ ಮಾಡಿ ಒಂದರ ಮೇಲೊಂದು ಇಡಬೇಡಿ. ಬಟ್ಟೆ ಒಣಹಾಕುವ ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಿ. ಕೈ, ಗಾಜು, ರೋಲರ್ ಎಲ್ಲ ಮೊದಲು ಶೇಂಗಾ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು. ಸೀಮೆಎಣ್ಣೆ ಬೇಡ, ರಬ್ಬರ್ ರೋಲರ್ ಹಾಳಾಗುತ್ತದೆ. ರೋಲರ್‌ನ ಬಗ್ಗೆ ಒಂದು ಮಾತು: ಇಡೀ ಕಿಟ್‌ನಲ್ಲಿ ಇದೇ ಒಳ್ಳೆಯ ವಸ್ತು. ಸಮ ಇದೆ, ಮೆತ್ತಗಿದೆ, ಶಾಯಿಯನ್ನು ಒಂದೇ ಸಮ ಹಿಡಿಯುತ್ತದೆ. ಶಾಯಿ ಎಷ್ಟು ಹಾಕಬೇಕು ಅಂತ ಕಣ್ಣಿಗಿಂತ ಕಿವಿಯಲ್ಲೇ ಗೊತ್ತಾಗುತ್ತದೆ. ಜಾಸ್ತಿಯಾದರೆ ಪಚಪಚ ಅನ್ನುತ್ತದೆ, ಕಡಿಮೆಯಾದರೆ ಸದ್ದೇ ಇಲ್ಲ. ಸರಿಯಾಗಿದ್ದರೆ ಒಗ್ಗರಣೆ ಎಣ್ಣೆ ಕಾಯುವಾಗ, ಸಾಸಿವೆ ಸಿಡಿಯೋಕೆ ಮುಂಚೆ ಬರುತ್ತದಲ್ಲ, ಅಂಥ ಸಣ್ಣ ಚರಚರ.

ಈಗ ಆ ಕಾರ್ಡು. ಅದರ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೆ: ನೋವನ್ನು ಕೆತ್ತಿ ಹಾಕಿ, ಹತ್ತು ದಿನದಲ್ಲಿ ನಿಮ್ಮನ್ನು ನೀವು ಮತ್ತೆ ಕಂಡುಕೊಳ್ಳಿ. ಒಂದೊಂದು ದಿನಕ್ಕೆ ಒಂದೊಂದು ಕೆಲಸ. ಹತ್ತನೇ ದಿನ ‘ಹೊಸ ನೀವು’. ಇದನ್ನು ಬರೆದವರು ಯಾರೋ ಕಾಣೆ. ಅವರಿಗೆ ಕೇಟೆ ಕೋಲ್ವಿಟ್ಸ್ ಕಥೆ ಹೇಳಬೇಕು ಅನಿಸಿತು.

ಕೋಲ್ವಿಟ್ಸ್ ಜರ್ಮನಿಯ ಕಲಾವಿದೆ, ಹುಟ್ಟಿದ್ದು 1867ರಲ್ಲಿ. ಗಂಡ ಬರ್ಲಿನ್‌ನಲ್ಲಿ ಬಡವರಿಗೆ ಔಷಧ ಕೊಡುತ್ತಿದ್ದ ಡಾಕ್ಟರ್. ಅವಳ ಹೆಸರು ಮೊದಲು ಬಂದದ್ದು ನೇಕಾರರ ದಂಗೆಯ ಮೇಲಿನ ಅಚ್ಚಿನ ಚಿತ್ರಗಳಿಂದ. 1914ರಲ್ಲಿ ಯುದ್ಧ ಶುರುವಾದಾಗ ಚಿಕ್ಕ ಮಗ ಪೀಟರ್‌ಗೆ 18 ವರ್ಷ. ಸೇನೆಗೆ ಸೇರೋಕೆ ಅಪ್ಪನ ಒಪ್ಪಿಗೆ ಬೇಕಿತ್ತು. ಅಪ್ಪ ಬೇಡ ಅಂದ. ಒಪ್ಪಿಸಿದ್ದು ಅಮ್ಮ. ಅದೇ ಅಕ್ಟೋಬರ್‌ನಲ್ಲಿ ಪೀಟರ್ ಬೆಲ್ಜಿಯಂನಲ್ಲಿ ಸತ್ತ. ಡಿಸೆಂಬರ್ ಹೊತ್ತಿಗೆ ಅವನಿಗೊಂದು ಸ್ಮಾರಕ ಮಾಡಬೇಕು ಅಂತ ಅವಳು ಹೊರಟಳು. ಮಾಡಿದಳು, ಬದಲಾಯಿಸಿದಳು, ಮತ್ತೆ ಮಾಡಿದಳು. 1919ರಲ್ಲಿ ಆಗಲ್ಲ ಅಂತ ಬಿಟ್ಟೇಬಿಟ್ಟಳು. ಆ ನಡುವೆ, 1920ರಲ್ಲಿ, ಅರ್ನ್ಸ್ಟ್ ಬಾರ್ಲಾಖ್‌ನ ಮರದ ಅಚ್ಚಿನ ಚಿತ್ರಗಳನ್ನು ಒಂದು ಪ್ರದರ್ಶನದಲ್ಲಿ ನೋಡಿದಳು. ಅಲ್ಲಿಯವರೆಗೆ ಲೋಹದ ತಗಡು, ಕಲ್ಲಚ್ಚು ಇವುಗಳಲ್ಲೇ ಹೆಸರು ಮಾಡಿದ್ದವಳು ಐವತ್ತು ದಾಟಿದ ಮೇಲೆ ಮರ ಕೆತ್ತಲು ಕೂತಳು. ಹಾಗೆ ಬಂದದ್ದು ‘ಯುದ್ಧ’ ಅನ್ನುವ ಏಳು ಚಿತ್ರಗಳ ಸರಣಿ. ಅದರಲ್ಲಿ ಹುಡುಗರು ಸಾವಿನ ಹಿಂದೆ ಹೊರಟಿರುವ ಚಿತ್ರ ಒಂದಿದೆ, ಸಾವು ಡೋಲು ಬಾರಿಸುತ್ತಿದೆ. ಇನ್ನೊಂದರಲ್ಲಿ ತಂದೆ ತಾಯಿ ಒಬ್ಬರ ಮೇಲೊಬ್ಬರು ಕುಸಿದು, ಯಾರ ಕೈ ಯಾರದ್ದು ಅಂತ ಗೊತ್ತಾಗದ ಹಾಗೆ ಒಂದೇ ಕಪ್ಪು ಗುಡ್ಡೆಯಾಗಿದ್ದಾರೆ. ಮುಖ ಕಾಣಲ್ಲ. ಆ ಚಿತ್ರವನ್ನು ಮೊಬೈಲಿನಲ್ಲಾದರೂ ದೊಡ್ಡದು ಮಾಡಿ ನೋಡಿ. ಕೆತ್ತಿದ ಜಾಗದಲ್ಲಿ ಉಳಿಯ ಒರಟು ಗುರುತು ಹಾಗೇ ಇದೆ, ಸವರಿ ಚಂದ ಮಾಡೋಕೆ ಹೋಗಿಲ್ಲ.

ಆಮೇಲೆ ಸ್ಮಾರಕಕ್ಕೆ ಮತ್ತೆ ಕೈ ಹಾಕಿದಳು. ಅದು ಸ್ಮಶಾನದಲ್ಲಿ ನಿಂತದ್ದು 1932ರಲ್ಲಿ. ಮಗನ ಪ್ರತಿಮೆ ಅಲ್ಲ. ಮಂಡಿಯೂರಿ ಕೂತ ತಂದೆ, ತಾಯಿ, ಎರಡು ಬೇರೆ ಬೇರೆ ಕಲ್ಲು. ಈಗ ಬೆಲ್ಜಿಯಂನ ವ್ಲಾಡ್ಸ್ಲೊ ಸ್ಮಶಾನದಲ್ಲಿದೆ. 1914ರಿಂದ 1932, ಲೆಕ್ಕ ಹಾಕಿ. ಹತ್ತು ದಿನವಂತೆ!

ಅವಳ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ಆ ಮರದ ತುಂಡು. ಹಳೇ ಸಲಕರಣೆ ಹಿಡಿದರೆ ಹಳೇ ಕೈ ಬರುತ್ತದೆ. ಹೊಸ ಸಲಕರಣೆಗೆ ಏನೂ ನೆನಪಿರಲ್ಲ. ಫ್ರಾನ್ಸಿನ ಚಿತ್ರಕಾರ ಮತೀಸ್ ಕೂಡ ಹಾಗೇ. 1941ರಲ್ಲಿ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಹೆಚ್ಚು ಹೊತ್ತು ಹಾಸಿಗೆ, ಗಾಲಿ ಕುರ್ಚಿಯಲ್ಲೇ ಕಳೆಯಬೇಕಾಗಿ ಬಂದಾಗ ಬಣ್ಣ ಹಚ್ಚಿದ ಕಾಗದ, ಕತ್ತರಿ ಹಿಡಿದ. ನೋವು ಗೀವು ಹೋಗುತ್ತದೋ ಇಲ್ಲವೋ, ಅದು ಕಿಟ್ ಮಾರುವವರ ಮಾತು. ಕೆಲಸ ಶುರುವಾಗುತ್ತದೆ, ಅಷ್ಟು ಖಂಡಿತ. ಅಕ್ಕನ ಚಿತ್ರಗಳ ಕಟ್ಟಿನಿಂದ ಒಂದಷ್ಟು ಕೆತ್ತಿದ ಮೇಲೆ, ಒಂದು ಬ್ಲಾಕನ್ನು ಪೆನ್ಸಿಲ್ ಮುಟ್ಟದೆ ನೇರ ಉಳಿಯಲ್ಲೇ ಮಾಡಿದೆ. ಒಣಗಿದ ನನ್ನ ಬಣ್ಣದ ಟ್ಯೂಬುಗಳು, ಸುಕ್ಕುಗಟ್ಟಿ, ಹೊಟ್ಟೆ ಒಳಗೆ ಹೋದಂತೆ. ಒಂದು ಟ್ಯೂಬ್ ಮುಚ್ಚಳ ಸೊಟ್ಟ ಬಂದಿದೆ. ಹೊರಗೂ ಹೋಗಿದೆ. ಆದರೆ ಅದು ಯಾರ ನಕಲೂ ಅಲ್ಲ.

ಕಾಗದದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಿಟ್‌ನ ಹಾಳೆ ದಪ್ಪ. ಪ್ರೆಸ್ ಮೆಷಿನ್ ಇಲ್ಲದೆ ಕೈಯಲ್ಲಿ ಒತ್ತುವವರಿಗೆ ದಪ್ಪ ಹಾಳೆಯಿಂದ ಕಷ್ಟ. ತೆಳು ನೇಪಾಳಿ ಕಾಗದ ತಗೊಳ್ಳಿ, ಹಿಂದಿನಿಂದ ಸ್ಟೀಲ್ ಚಮಚದ ಬೆನ್ನಿನಲ್ಲಿ ಉಜ್ಜಿ. ತೆಳುವಾದ್ದರಿಂದ ಶಾಯಿ ಎಲ್ಲಿ ಹಿಡಿದಿದೆ, ಎಲ್ಲಿ ಇಲ್ಲ ಅಂತ ಹಿಂದಿನಿಂದಲೇ ಕಾಣುತ್ತದೆ. ಆ ದಪ್ಪ ಹಾಳೆ ಬಿಸಾಡಬೇಡಿ. ಶಾಯಿ ಮುಗಿದ ಒಂದು ದಿನ ಅದನ್ನೇ ನೀರಲ್ಲಿ ನೆನೆಸಿ, ಒದ್ದೆ ತೆಗೆದು, ಶಾಯಿ ಇಲ್ಲದೆ ಬ್ಲಾಕಿನ ಮೇಲಿಟ್ಟು ಬೆರಳಿನಿಂದ ಒತ್ತಿದೆ. ಬಿಳಿ ಮೇಲೆ ಬಿಳಿ, ಬರೀ ಉಬ್ಬು ತಗ್ಗು. ಕಿಟಕಿ ಹತ್ತಿರ ಓರೆ ಬೆಳಕಿಗೆ ಹಿಡಿದರೆ ಮಾತ್ರ ಎಮ್ಮೆ ಕಾಣುತ್ತದೆ. ಸೋಮನಾಥ ಹೋರ್ ನೆನಪಾದರು. ಬಂಗಾಳದ ಬರಗಾಲ ಕಣ್ಣಾರೆ ಕಂಡು ಬಿಡಿಸಿದವರು, 1970ರ ದಶಕದಲ್ಲಿ ‘ಗಾಯಗಳು’ ಅಂತ ಇದೇ ಥರ ಬಿಳಿ ಮೇಲೆ ಬಿಳಿ ಸರಣಿ ಮಾಡಿದರು. ಮಣ್ಣಿನ ಹಾಳೆಯನ್ನು ಚಾಕುವಿನಿಂದ ಸೀಳಿ, ಅದರ ಸಿಮೆಂಟ್ ಅಚ್ಚು ತೆಗೆದು, ಅದಕ್ಕೆ ಕಾಗದದ ತಿರುಳು ಒತ್ತಿ ಮಾಡಿದ್ದು. ಅವರು ವರ್ಷಗಟ್ಟಲೆ ದುಡಿದು ಮಾಡಿದ ತಾಯಿ ಮಗುವಿನ ದೊಡ್ಡ ಕಂಚಿನ ಶಿಲ್ಪ 1977ರಲ್ಲಿ ಶಾಂತಿನಿಕೇತನದಿಂದ ಕಳುವಾಯಿತು, ಮತ್ತೆ ಸಿಗಲೇ ಇಲ್ಲ. ಆಮೇಲೂ ಕಂಚಿನ ಕೆಲಸ ಮಾಡಿದರು. ಹೇಗೆ ಮತ್ತೆ ಕೂತರೋ ಅಂತ ಆ ಒದ್ದೆ ಹಾಳೆ ಒಣಗುವವರೆಗೂ ಯೋಚನೆ ಮಾಡಿದೆ.

ಕಸ್ಟಮರ್ ಕೇರ್‌ಗೆ ಅಲ್ಲಾಡುವ ಹಿಡಿಯ ಫೋಟೋ ಹಾಕಿ ಮೇಲ್ ಮಾಡಿದ್ದೆ. ‘ನಿಮ್ಮ ಹೀಲಿಂಗ್ ಪಯಣದಲ್ಲಿ ನಾವು ಜೊತೆಗಿದ್ದೇವೆ’ ಅಂತ ಉತ್ತರ ಬಂತು. ಹಿಡಿ ಬರಲಿಲ್ಲ. ಇನ್ನೊಂದು ಮೇಲ್ ಮಾಡಿದೆ, ಪಯಣ ಬೇಡ, ಹಿಡಿ ಕಳಿಸಿ ಅಂತ. ಅದಕ್ಕೆ ಉತ್ತರವೇ ಇಲ್ಲ. ಒಂದು ಸ್ಟಾರ್ ಹೋದದ್ದು ಇದಕ್ಕೆ. ಇನ್ನೊಂದು ಆ ಕಾರ್ಡಿಗೆ.

ಯಾರಿಗಾದರೂ ಉಡುಗೊರೆ ಕೊಡೋ ಯೋಚನೆ ಇದ್ದರೆ, ಅದರಲ್ಲೂ ಯಾರನ್ನಾದರೂ ಕಳೆದುಕೊಂಡವರಿಗೆ, ಮೇಲಿನ ರಟ್ಟಿನ ಹೊದಿಕೆ, ಕಾರ್ಡು, ಹೂವಿನ ಪೊಟ್ಟಣ ತೆಗೆದುಹಾಕಿ ಕೊಡಿ. ಜೊತೆಗೆ ಒಳ್ಳೆಯ ಉಳಿ ಒಂದು ಇಡಿ. ‘ಇದರಿಂದ ನಿನಗೆ ಸಮಾಧಾನ ಆಗ್ತದೆ’ ಅಂತ ಹೇಳಬೇಡಿ, ಸುಮ್ನೆ ಕೊಡಿ. ಇನ್ನು ನಿಮಗೇ ಬೇಕಾದರೆ ಕಿಟ್ ಬೇಡ. ಲಿನೋ, ರೋಲರ್, ಎರಡು ಉಳಿ ಬಿಡಿಬಿಡಿಯಾಗಿ ಕೊಂಡರೆ ಹೆಚ್ಚುಕಮ್ಮಿ ಅಷ್ಟೇ ಖರ್ಚು, ಸಾಮಾನು ಒಳ್ಳೆಯದು, ಶಾಯಿ ನಿಮ್ಮೂರಿನ ಪ್ರೆಸ್ಸಿನಲ್ಲಿ ಕೇಳಿ. ನಮ್ಮ ಪ್ರೆಸ್ಸಿನ ಕಾಕಾ ಮೊಮ್ಮಗಳ ನಾಮಕರಣಕ್ಕೆ ಲಿನೋದಲ್ಲೇ ಕಾರ್ಡು ಮಾಡಿಕೊಡಿ ಅಂದಿದ್ದಾರೆ. ಒಂದೇ ಬಣ್ಣ ಆದ್ದರಿಂದ ಮುದ್ರಣ ಅಗ್ಗ ಅನ್ನೋದೂ ಒಂದು ಕಾರಣ, ಅವರೇ ನಕ್ಕು ಹೇಳಿದರು. ಅದಕ್ಕೆ ದೊಡ್ಡ ಲಿನೋ ಬೇಕು. ಹುಬ್ಬಳ್ಳಿ ಧಾರವಾಡದಲ್ಲಿ ಬಿಡಿ ಲಿನೋ ಹಾಳೆ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಕೊರಿಯರ್‌ನವರು ಸುರುಳಿ ಸುತ್ತಿ ಕಳಿಸುತ್ತಾರೆ, ಬಿಚ್ಚುವಾಗ ಬಿರುಕು ಬಿಡುತ್ತದೆ.